ಸಿಪಾಯಿ ಸೊಪ್ಪಿನ ಸರದಿ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಸೌಟು, ಜಾಲರಿ, ಕಡಗೋಲುಗಳ ಸಾಲಿನಲ್ಲಿ ಒಂದು ಲೋಹದ ಕೊಳವೆ ನೇತಾಡುತ್ತಿರುತ್ತದೆ. ಗೇಣುದ್ದ ಇದೆ. ಒಂದು ತುದಿ ಚಪ್ಪಟೆ. ಇನ್ನೊಂದು ತುದಿಯಲ್ಲಿ ಮುಚ್ಚಿದ ಚಮಚದಂಥ ಒಂದು ಉಬ್ಬು, ಅದರ ಮೈಯೆಲ್ಲ ಸಣ್ಣ ಸಣ್ಣ ತೂತು. ಮನೆಗೆ ಬಂದವರು ಯಾರೂ ಅದನ್ನು ನೋಡಿ ಸುಮ್ಮನೆ ಹೋದದ್ದಿಲ್ಲ. ಪಕ್ಕದ ಮನೆಯ ಮೇಷ್ಟರು ಒಲೆ ಊದುವ ಕೊಳವೆ ಎಂದರು. ಹಾಲಿನವನು ಕರುವಿಗೆ ಔಷಧಿ ಹಾಕುವ ಗೊಟ್ಟ ಎಂದು ತಿಳಿದು, ಇಷ್ಟು ಸಣ್ಣದರಲ್ಲಿ ಕರುವಿಗೆ ಏನು ಸಾಲುತ್ತದೆ ಎಂದು ನನಗೇ ಬುದ್ಧಿ ಹೇಳಿದ. ಊರಿಗೆ ಹೊಸದಾಗಿ ಬಂದ ಡಾಕ್ಟರಮ್ಮ ಮಾತ್ರ ಅದನ್ನು ನೋಡಿ ಮುಖ ಸಿಂಡರಿಸಿಕೊಂಡರು. ಆಕೆ ಏನೆಂದುಕೊಂಡರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅದು ಕುಡಿಯುವ ಕೊಳವೆ ಸ್ವಾಮಿ. ಯೆರ್ಬಾ ಮಾಟೆ ಎಂಬ ಒಂದು ಸೊಪ್ಪಿದೆ. ಅದಕ್ಕೆ ಬಿಸಿನೀರು ಹುಯ್ದು ಈ ಕೊಳವೆಯಿಂದ ಹೀರಬೇಕು. ಆ ಹೆಸರು ನನ್ನ ನಾಲಿಗೆಗೆ ಹತ್ತಿದ್ದು ಬಹಳ ಆಮೇಲೆ. ನಮ್ಮಜ್ಜಿ ಅದನ್ನು ಕಂಡ ದಿನವೇ ಸಿಪಾಯಿ ಸೊಪ್ಪು ಎಂದು ಕರೆದಳು, ನಮಗೂ ಅದೇ ರೂಢಿಯಾಯಿತು. ಈ ಕೊಳವೆಯ ದೆಸೆಯಿಂದ ನನ್ನ ಮದುವೆ ಮುರಿದು ಬೀಳುವುದರಲ್ಲಿತ್ತು. ಒಂದು ಸಲವಲ್ಲ, ಎರಡು ಸಲ. ಕೂತುಕೊಳ್ಳಿ, ಹೇಳುತ್ತೇನೆ. ಕಾಫಿ ಆಮೇಲೆ ಆದೀತು.

ಕಾಫಿ ಎಂದೆನಲ್ಲ, ಅದರ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಮಂಡ್ಯದ ಗುತ್ತಲಿನಲ್ಲಿ ನನ್ನ ತವರುಮನೆ. ಅಪ್ಪ ಕಬ್ಬು ಬೆಳೆಯುತ್ತಿದ್ದರು. ನಾನು ಚಿಕ್ಕವಳಿದ್ದಾಗ ಆ ಮನೆಗೆ ಕಾಫಿ ಬಂದದ್ದು ಕಳ್ಳನ ಹಾಗೆ, ಹಿತ್ತಿಲ ಬಾಗಿಲಿಂದ. "ಕಾಪಿ ಕುಡುದ್ರೆ ರಕ್ತ ಸುಟ್ಟೋಯ್ತದೆ ಕಣ್ರವ್ವಾ" ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಅವ್ವ ಕೊಟ್ಟಿಗೆಯಲ್ಲಿ ಎಮ್ಮೆಯ ಮರೆಯಲ್ಲಿ ನಿಂತು ಕುಡಿಯುತ್ತಿದ್ದಳು. ಆಮೇಲೊಂದು ದಿನ ಅಜ್ಜಿಗೆ ತಲೆನೋವು ಬಂತು, ಯಾರೋ ಒಂದು ಲೋಟ ಕೊಟ್ಟರು, ಅಲ್ಲಿಗೆ ಅಪ್ಪಣೆಯೂ ಮುಗಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪುಡಿಗೆ ತತ್ವಾರವಾದಾಗ ಅದೇ ಅಜ್ಜಿ ರಾಗಿಯನ್ನು ಕಪ್ಪಗೆ ಹುರಿದು, ಬೀಸಿ, ಬೆಲ್ಲ ಹಾಕಿ ಕುದಿಸಿ, ಇದೂ ಕಾಫಿಯೇ ಎಂದು ನಮ್ಮನ್ನೂ ತನ್ನನ್ನೂ ನಂಬಿಸುತ್ತಿದ್ದಳು. ಹೊಸದನ್ನು ಬಯ್ಯುವುದರಲ್ಲೂ ಅವಳೇ ಮುಂದು, ಒಪ್ಪಿಕೊಳ್ಳುವುದರಲ್ಲೂ ಅವಳೇ ಮುಂದು. ಇದು ನೆನಪಿರಲಿ.

ಆದರೆ ಎಂಜಲಿನ ವಿಷಯದಲ್ಲಿ ಮಾತ್ರ ಅಜ್ಜಿ ಎಳ್ಳಷ್ಟೂ ಸಡಿಲಿಸಿದವಳಲ್ಲ. ಚೊಂಬು, ಲೋಟ ಯಾವುದೂ ತುಟಿಗೆ ತಾಗಕೂಡದು. ಎತ್ತಿ ಬಾಯಿಗೆ ಹುಯ್ದುಕೊಳ್ಳಬೇಕು. ನನಗೆ ಇದರಲ್ಲಿ ಭಾರಿ ಹೆಮ್ಮೆಯಿತ್ತು. ಸುಡು ಸುಡು ಕಾಫಿಯನ್ನೂ ಮೊಳ ಮೇಲಿಂದ ಹುಯ್ದುಕೊಂಡು ಒಂದು ತೊಟ್ಟು ಚೆಲ್ಲದೆ ಕುಡಿಯುತ್ತಿದ್ದೆ. ಸ್ಕೂಲಿನಲ್ಲಿ ಗೆಳತಿಯರಿಗೆ ತೋರಿಸಲು ಹೋಗಿ ಒಮ್ಮೆ ಮೂಗಿಗೆ ಹುಯ್ದುಕೊಂಡೆ. ಅಂದಿನಿಂದ ಮೊಳ ಗೇಣಿಗೆ ಇಳಿಯಿತು, ಹೆಮ್ಮೆ ಮಾತ್ರ ಇಳಿಯಲಿಲ್ಲ.

ಇನ್ನೊಬ್ಬರನ್ನೂ ಪರಿಚಯ ಮಾಡಿಕೊಡಬೇಕು. ನಮ್ಮ ದೊಡ್ಡಪ್ಪ. ಮನೆಗೆ ಅವರೇ ಯಜಮಾನರು. ಅವರು ಆಡಿದ ಮೇಲೆ ಅಪ್ಪ ಬಾಯಿ ಬಿಡುತ್ತಿರಲಿಲ್ಲ. ನೆಂಟರ ಮನೆಯ ಊಟದಲ್ಲಿ ದೊಡ್ಡಪ್ಪನನ್ನು ನೋಡಬೇಕಿತ್ತು. ಪಾಯಸದವನು ಇನ್ನೂ ಪಂಕ್ತಿಯ ಆ ತುದಿಯಲ್ಲಿರುವಾಗಲೇ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು, ಸಾಕು" ಎನ್ನುವರು. ಬೆರಳುಗಳ ಸಂದು ಮಾತ್ರ ಅಗಲವಾಗಿಯೇ ಇರುತ್ತಿತ್ತು. ಬಡಿಸುವವನು ಬಿಡಬಾರದು, ಇವರು ಬೇಡವೆನ್ನಬೇಕು, ಪಾಯಸ ಬೆರಳ ಸಂದಿಯಲ್ಲಿ ಎಲೆಗೆ ಇಳಿಯಬೇಕು. ನಮ್ಮ ಕಡೆ ಮರ್ಯಾದೆ ಎಂದರೆ ಅದೇ ತಾನೆ! ಎಲ್ಲಾದರೂ ಬಡಿಸುವವನು ಸಾಕೆಂದ ಮಾತನ್ನು ನಂಬಿ ಮುಂದೆ ಹೋದನೋ, ಆ ಮನೆಯ ಕಥೆ ಮುಗಿಯಿತು. "ಆ ಅಟ್ಟೀಲಿ ಇನ್ನೊಸಿ ಆಕಿಸ್ಕಳಿ ಅನ್ನೋರಿಲ್ಲ ಕಣ್ಲಾ" ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದರು.

ಈಗ ಅವರ ವಿಷಯ. ಅವರು ಎಂದರೆ ನಮ್ಮವರು. ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಈ ವಯಸ್ಸಿನಲ್ಲಿ ಕಲಿಯುವುದೂ ಇಲ್ಲ. ಆಗ ಅವರು ನನಗೆ ಬರಿಯ ಬಸ್ಸಿನ ಡ್ರೈವರ್ರು.

ಯುದ್ಧ ಮುಗಿದ ಮರುವರ್ಷ. ಮಳವಳ್ಳಿಯಲ್ಲಿ ನಮ್ಮ ಚಿಕ್ಕವ್ವನಿಗೆ ಹೆರಿಗೆಯಾಗಿತ್ತು, ಬಾಣಂತನಕ್ಕೆ ಕೈನೆರವು ಎಂದು ನನ್ನನ್ನು ಆಗಾಗ ಕಳಿಸುತ್ತಿದ್ದರು. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ. ಪೆಟ್ರೋಲು ಇನ್ನೂ ಸಿಕ್ಕುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಒಂದು ಬಾಯ್ಲರು ಕಟ್ಟಿ ಇದ್ದಿಲು ಉರಿಸಿ ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂಬುದು ದೊಡ್ಡ ಮಾತಾಯಿತು. ಗೆಜ್ಜಲಗೆರೆ ಬರುವಷ್ಟರಲ್ಲೇ ಬಸ್ಸಿಗೆ ಉಬ್ಬಸ ಹತ್ತುತ್ತಿತ್ತು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಬೇರೆ ಡ್ರೈವರುಗಳು ಬಯ್ದು ಇಳಿಸುತ್ತಿದ್ದರು. ಇವರು ಮಾತ್ರ ತಿರುಗಿ ನೋಡಿ, "ಅಜ್ಜಿದೀರು, ಬಸುರಿ ಬಾಣಂತೀರು ಕುಂತ್ಕಳಿ. ತಿಂಡಿ ತಿಂದಿರೋ ಗಂಡುಸ್ರೆಲ್ಲ ಇಳೀರಿ" ಎನ್ನುತ್ತಿದ್ದರು. ತಿಂಡಿ ತಿಂದಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೊಂಡು ಗಂಡಸರೆಲ್ಲ ಇಳಿಯುತ್ತಿದ್ದರು.

ಮದ್ದೂರಿನಲ್ಲಿ ಬಸ್ಸು ನಿಂತರೆ ಜನ ಕಾಫಿಗೂ ವಡೆಗೂ ಓಡುತ್ತಿದ್ದರು. ಅವರು ಓಡುತ್ತಿರಲಿಲ್ಲ. ಬಾಯ್ಲರಿನ ಕೆಂಡದ ಮೇಲೆ ಒಂದು ತಗಡಿನ ಕೆಟಲು ಇಟ್ಟು, ಫುಟ್‌ಬೋರ್ಡಿನ ಮೇಲೆ ಕೂತು, ಅಂಗೈಯಗಲದ ಸೋರೆಬುರುಡೆಗೆ ಒಣಸೊಪ್ಪು ತುಂಬಿ, ಬಿಸಿನೀರು ಹುಯ್ದು, ಕೊಳವೆ ಇಟ್ಟು ಹೀರುತ್ತಿದ್ದರು. ಊರೆಲ್ಲ ಗಡಿಬಿಡಿಯಲ್ಲಿದ್ದಾಗ ಒಬ್ಬ ಮನುಷ್ಯ ಅಷ್ಟು ನಿಧಾನವಾಗಿ ಕೂತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ಸೀಟಿನಿಂದ ನೋಡುತ್ತಿದ್ದೆ. ನೋಡಲಿಕ್ಕಾಗಿಯೇ ಮುಂದಿನ ಕಿಟಕಿ ಹಿಡಿಯುತ್ತಿದ್ದೆ. ಮುಚ್ಚುಮರೆ ಏಕೆ, ಅವರು ನನಗೆ ಇಷ್ಟವಾಗಿದ್ದರು. ಚಿಕ್ಕವ್ವನ ಮಗುವಿನ ಮೇಲೆ ನನಗೆ ಆ ವರ್ಷ ಹುಟ್ಟಿದ ಪ್ರೀತಿಗೆ ಇದೂ ಒಂದು ಕಾರಣ.

ಆದ್ದರಿಂದ ಚಿಕ್ಕವ್ವನ ಕಡೆಯಿಂದಲೇ ಅವರ ಸಂಬಂಧದ ಮಾತು ಬಂದಾಗ ನಾನು ಒಳಗೆ ರಾಗಿ ಕೇರುತ್ತಿದ್ದವಳು ಮೊರವನ್ನು ಬೋರಲು ಹಾಕಿದೆ. ಮಿಲಿಟರಿಯಲ್ಲಿ ಲಾರಿ ಓಡಿಸಿ ಬಂದವರು, ಮಳವಳ್ಳಿಯ ಹತ್ತಿರದವರು, ತಂದೆಯಿಲ್ಲ, ತಾಯಿ ಇದ್ದಾರೆ. ಸ್ಕೂಲು ಓದಿದ ಹುಡುಗಿ ಎಂದು ನನ್ನನ್ನು ಕೇಳುವವರೇ ಕಡಿಮೆ. ಓದಿದ ಹುಡುಗಿ ಬೇಕು ಎಂದೇ ಕೇಳಿದ ಮನೆ ಅದೊಂದೇ. ದೊಡ್ಡಪ್ಪ ಗಂಡು ನೋಡಿಕೊಂಡು ಬರಲು ಹೊರಟರು. ಹೋದವರು ಮದ್ದೂರಿಂದಲೇ ವಾಪಸು ಬಂದರು, ಮಳವಳ್ಳಿಗೆ ಹೋಗಲೇ ಇಲ್ಲ.

"ಬ್ಯಾಡ ಬುಡು ಅತ್ಲಾಗೆ" ಎಂದು ಹೆಗಲ ಮೇಲಿನ ವಲ್ಲಿಯನ್ನು ಜಗುಲಿಯ ಮೇಲೆ ಎಸೆದರು. "ಆಡಗಲಲ್ಲಿ, ಜನ ಓಡಾಡೋ ಜಾಗ್ದಲ್ಲಿ, ಬುರುಡೆಗೆ ಸೊಪ್ಪು ತುಂಬ್ಕಂಡು ಗಾಂಜಾ ಸೇದ್ತಾ ಕುಂತವ್ನೆ! ಒಗೆ ಏಳ್ತಿತ್ತು ಕಣ್ಲಾ, ನಾನೇ ಕಣ್ಣಾರೆ ಕಂಡೆ."

ನನಗೆ ತಡೆಯಲಾಗಲಿಲ್ಲ. ಅಜ್ಜಿಯ ಹಿಂದೆ ಕೂತಿದ್ದವಳು, "ಅದು ಒಗೆ ಅಲ್ಲ ಕಣಜ್ಜಿ, ಬಿಸಿನೀರಿನ ಅಬೆ" ಎಂದು ಪಿಸುಗುಟ್ಟಿದೆ.

ಅಜ್ಜಿ ನಿಧಾನವಾಗಿ ತಿರುಗಿದಳು. "ನಿಂಗೆಂಗೆ ಗೊತ್ತವ್ವ?"

ಮೊರ ಬೋರಲು ಹಾಕಿದ್ದಕ್ಕೂ ಮುಂದಿನ ಕಿಟಕಿಗೂ ಮಗುವಿನ ಮೇಲಿನ ಪ್ರೀತಿಗೂ ಎಲ್ಲಕ್ಕೂ ಅಜ್ಜಿಗೆ ಅರ್ಥ ಹೊಳೆಯಿತು ಎಂದು ಕಾಣುತ್ತದೆ. ಸೆರಗು ಬಾಯಿಗೆ ಅಡ್ಡ ಹಿಡಿದು ಮೈ ಕುಲುಕುವಂತೆ ನಕ್ಕಳು. ಆಮೇಲೆ ಎದ್ದು ನಿಂತು, ಮುತ್ತತ್ತಿರಾಯನಿಗೆ ತನ್ನದೊಂದು ಹಳೆಯ ಹರಕೆ ಉಳಿದಿದೆ, ಹೋಗಿಬರಬೇಕು, ಜೊತೆಗೆ ಈ ಹುಡುಗಿ ಬರಲಿ ಎಂದು ಮನೆಗೆಲ್ಲ ಕೇಳುವಂತೆ ಹೇಳಿದಳು. ಮುತ್ತತ್ತಿಗೆ ದಾರಿ ಮಳವಳ್ಳಿಯ ಮೇಲೆಯೇ. ಹನುಮಂತರಾಯನ ಹರಕೆಗೆ ದೊಡ್ಡಪ್ಪ ಏನು ಹೇಳುತ್ತಾರೆ?

ಮದ್ದೂರಿನಲ್ಲಿ ಬಸ್ಸು ನಿಂತದ್ದೇ ಅಜ್ಜಿ ಇಳಿದು ನೇರ ಫುಟ್‌ಬೋರ್ಡಿನ ಹತ್ತಿರ ಹೋಗಿ ನಿಂತಳು.

"ಅದೇನಪ್ಪ ಅದು? ಒಸಿ ಕೊಡಿಲ್ಲಿ, ನಾನೂ ನೋಡ್ತೀನಿ."

ಅವರು ಗಾಬರಿಯಾಗಿ ಎದ್ದು ಜಾಗ ಬಿಟ್ಟರು. ಬುರುಡೆಗೆ ನೀರು ತುಂಬಿಸಿ, ಜೇಬಿನಿಂದ ಒಂದು ಹೋಳು ನಿಂಬೆಸಿಪ್ಪೆ ತೆಗೆದು ಕೊಳವೆಯ ತುದಿಯನ್ನು ಚೆನ್ನಾಗಿ ಉಜ್ಜಿ ಕೊಟ್ಟರು. ಅಜ್ಜಿ ಉಜ್ಜಿದ್ದನ್ನು ನೋಡಿದಳು. "ಅಂಗಂತ ಎಂಜ್ಲು ಓಯ್ತದಾ?" ಎಂದವಳೇ ಕೊಳವೆ ಕಿತ್ತು ಅವರ ಕೈಗೆ ಕೊಟ್ಟು, ತನ್ನ ಎಪ್ಪತ್ತು ವರ್ಷದ ಅಭ್ಯಾಸದಂತೆ ಬುರುಡೆಯನ್ನು ಮೇಲೆತ್ತಿ, ಕತ್ತು ಹಿಂದಕ್ಕೆ ಹಾಕಿ, ಬಾಯಿಗೆ ಹುಯ್ದುಕೊಂಡಳು. ಮೊದಲು ಏನೂ ಬೀಳಲಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ಬಿತ್ತು. ಪುಣ್ಯಕ್ಕೆ ಆ ಸೊಪ್ಪಿಗೆ ಕುದಿಯುವ ನೀರು ಹಾಕುವುದಿಲ್ಲ. ಕಣ್ಣು, ಮೂಗು, ಹಣೆಯ ಮೇಲೆಲ್ಲ ಹಸಿರು ಹಸಿರು ಸೊಪ್ಪು ಮೆತ್ತಿಕೊಂಡು ಅಜ್ಜಿ ನಿಂತಿದ್ದಳು. ವಡೆ ತಿನ್ನುತ್ತಿದ್ದ ಜನ ವಡೆ ಮರೆತು ನೋಡುತ್ತಿದ್ದರು. ನಮ್ಮವರು ಮಾತ್ರ ನಗಲಿಲ್ಲ. ತಮ್ಮ ಟವೆಲು ಕೊಟ್ಟು, "ಮೊದ್ಲು ನಂಗೂ ಇಂಗೇ ಆಯ್ತು ಕಣಜ್ಜಿ" ಎಂದರು. ಅದು ಸುಳ್ಳೆಂದು ನನಗೂ ಗೊತ್ತು, ಅಜ್ಜಿಗೂ ಗೊತ್ತು. ಅಜ್ಜಿಗೆ ಆ ಸುಳ್ಳು ಬಹಳ ಹಿಡಿಸಿತು.

ಸೋಲುವ ಹೆಂಗಸಲ್ಲ ಅವಳು. ರಸ್ತೆ ಪಕ್ಕದಲ್ಲಿ ಒಂದು ಪರಂಗಿ ಗಿಡವಿತ್ತು. ಹೋಗಿ ಎಲೆಯ ದಂಟು ಮುರಿದು ತಂದಳು. ದಂಟು ಒಳಗೆ ಟೊಳ್ಳಲ್ಲವೆ? ಸೊಪ್ಪು ಬಾಯಿಗೆ ಬಾರದಂತೆ ಸೆರಗಿನಂಚಿನ ತೆಳುಬಟ್ಟೆ ಹರಿದು ಅದರ ಕೆಳತುದಿಗೆ ಕಟ್ಟಿ, ಹೊಸದಾಗಿ ತುಂಬಿಸಿದ ಬುರುಡೆಗೆ ಇಳಿಬಿಟ್ಟು ಹೀರಿದಳು. ತನ್ನ ದಂಟು ತನಗೆ, ಎಂಜಲಿನ ಮಾತೇ ಇಲ್ಲ.

"ಬೇವಿನ ಕಸಾಯ್ಕೆ ಒಣಹುಲ್ಲು ನೆನಾಕ್ದಂಗದೆ" ಎಂದಳು. ಮತ್ತೆ ಹೀರಿದಳು. ಅವರು ಮತ್ತೆ ತುಂಬಿಸಿಕೊಟ್ಟರು. ಮತ್ತೆ ಹೀರಿದಳು.

ಆ ರುಚಿ ಹಾಗೆಯೇ. ಮೊದಲ ಸಲ ಕಹಿ, ಒಗರು, ಸ್ವಲ್ಪ ಹೊಗೆಯ ವಾಸನೆ. ಇದನ್ನು ದನ ಕೂಡ ಮೂಸದು ಎನ್ನಿಸುತ್ತದೆ. ಎರಡನೆಯ ಸಲ ಅಷ್ಟು ಸಿಟ್ಟು ಬರುವುದಿಲ್ಲ. ಮೂರನೆಯ ಸಲಕ್ಕೆ ಕಹಿಯ ಹಿಂದಿನಿಂದ ಒಂದು ಸಣ್ಣ ಸಿಹಿ ಬರುತ್ತದೆ, ಆಗ ನಾವೇ ಕೈ ಚಾಚುತ್ತೇವೆ. ಅದರ ಉಪಯೋಗಗಳನ್ನು ಅವರು ಆವತ್ತು ಅಜ್ಜಿಗೆ ಒಂದೊಂದಾಗಿ ಹೇಳಿದರು. ಲಾರಿ ಓಡಿಸುವಾಗ ತೂಕಡಿಕೆ ಬಾರದು, ಹೊಟ್ಟೆ ಹಸಿವು ತಡೆಯುತ್ತದೆ, ಬಾಡೂಟ ಅರಗುತ್ತದೆ. ಅಜ್ಜಿ ಮನೆಗೆ ಬರುವ ಹೊತ್ತಿಗೆ ಮಂಡಿನೋವನ್ನೂ ಹಲ್ಲುನೋವನ್ನೂ ಆ ಪಟ್ಟಿಗೆ ಸೇರಿಸಿದ್ದಳು. ಅವಳ ಬಾಯಲ್ಲಿ ಹಲ್ಲೇ ಇರಲಿಲ್ಲ.

ಇದನ್ನೆಲ್ಲ ಅವರು ಕಲಿತದ್ದು ಯುದ್ಧಕ್ಕೆ ಹೋಗಿದ್ದಾಗ, ಸಿರಿಯಾ ದೇಶದಲ್ಲಂತೆ. ಸೊಪ್ಪು ಅಲ್ಲಿಯದೂ ಅಲ್ಲ. ಅಲ್ಲಿನ ಬೆಟ್ಟದ ಜನ ಹೊಟ್ಟೆಪಾಡಿಗೆ ಹಡಗು ಹತ್ತಿ ಅಮೆರಿಕ ಖಂಡದ ತೆಂಕಣ ದೇಶಗಳಿಗೆ ಹೋಗಿ, ಹಿಂದಕ್ಕೆ ಬರುವಾಗ ಈ ಚಟ ಕಟ್ಟಿಕೊಂಡು ಬಂದರಂತೆ. ಸುತ್ತ ಕೂತವರಿಗೆಲ್ಲ ಒಂದೇ ಬುರುಡೆ, ಒಂದೇ ಕೊಳವೆ. ಮೊದಲನೆಯದು ಬಲು ಕಹಿ, ಆದ್ದರಿಂದ ಕೊಡುವವನೇ ಕುಡಿದು ಮುಗಿಸುತ್ತಾನೆ. ಆಮೇಲೆ ಒಬ್ಬೊಬ್ಬರ ಸರದಿ. ಕೊಳವೆಯನ್ನು ಕದಡಬಾರದು. ತಳದಲ್ಲಿ ಗೊರಗೊರ ಎನ್ನುವವರೆಗೆ ಹೀರಬೇಕು. ಖಾಲಿ ಬುರುಡೆ ವಾಪಸು ಕೊಟ್ಟರೆ ತುಂಬಿಸಿ ಮುಂದಿನವರಿಗೆ.

"ಮೊದಲ್ನೇ ದಿನ ಒಬ್ರ ಮನೇಲಿ ಒಂದು ಸಲ ಕುಡ್ದು, ನಮ್ಮೂರ್ ಅಭ್ಯಾಸ ನೋಡಿ, ಸಾಕು ಅಂದ್ಬುಟ್ಟೆ" ಎಂದು ಅವರು ನಕ್ಕರು. "ಬಲವಂತ ಮಾಡ್ತಾರೆ ಅಂತ ಕಾಯ್ತಾ ಕುಂತೆ ಕಣಜ್ಜಿ. ಬುರುಡೆ ನನ್ ಮೂಗಿನ್ ಮುಂದೇ ಸುತ್ತು ಒಡೀತು, ನನ್ಗೆ ಕೊಡ್ನೇ ಇಲ್ಲ. ಅಲ್ಲಿ ಸಾಕು ಅಂದ್ರೆ ಸಾಕು ಅಂತ್ಲೇ. ಅನ್ನೋಗಂಟ ಕೊಡ್ತಾನೇ ಇರ್ತಾರೆ, ಅಂದ್ಮೇಲೆ ಮತ್ತೆ ಕೇಳಾದು ಮರ್ಯಾದೆ ಅಲ್ಲ."

ಹೇಳುತ್ತಾ ಅವರು ನನ್ನ ಕಡೆ ಒಂದು ಸಲ ನೋಡಿದರು. ನಾನು ಪರಂಗಿ ಗಿಡವನ್ನು ನೋಡಿದೆ.

"ನಮ್ಮಟ್ಟಿಗೆ ಬರುವಾಗ ಆ ಬುರುಡೆ ತಕ್ಕಂಡೇ ಬಾರಪ್ಪ" ಎಂದು ಅಜ್ಜಿ ಅಪ್ಪಣೆ ಕೊಟ್ಟಳು. "ಅದು ಗಾಂಜಾ ಅಲ್ಲ ಅಂತ ನಮ್ಮೋರೂ ಕುಡುದು ನೋಡ್ಲಿ."

ಅಂತೂ ಒಂದು ಶುಕ್ರವಾರ ತಾಯಿಯನ್ನು ಕರೆದುಕೊಂಡು ಅವರು ಹೆಣ್ಣು ನೋಡಲು ಬಂದರು. ಅಜ್ಜಿ ಬೆಳಿಗ್ಗೆಯೇ ಹಿತ್ತಿಲ ಪರಂಗಿ ಮರವನ್ನು ಬೋಳು ಮಾಡಿ, ದಂಟುಗಳಿಗೆಲ್ಲ ಬಟ್ಟೆ ಕಟ್ಟಿ, ತಾಂಬೂಲದ ಪಕ್ಕದ ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು. ನಡುಮನೆಯಲ್ಲಿ ಎಲ್ಲರೂ ಸುತ್ತ ಕೂತರು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ. ಅವರು ಮೊದಲ ಬುರುಡೆ ತಾವೇ ಕುಡಿದಾಗ ದೊಡ್ಡಪ್ಪನ ಹುಬ್ಬು ಮೇಲೆ ಹೋಯಿತು. "ಕಯಿ ತಾನು ಕುಡುದು ತಿಳಿ ನಮ್ಗೆ ಕೊಡ್ತದೆ ಕಣ್ಲಾ ಮಗ" ಎಂದು ಅಜ್ಜಿ ಸಮಾಧಾನ ಮಾಡಿದಳು. ಎರಡನೆಯದು ದೊಡ್ಡಪ್ಪನಿಗೆ. ದಂಟು ಹಾಕಿಕೊಂಡು, ಮುಖ ಕಿವುಚಿಕೊಂಡು ಶುರು ಮಾಡಿದವರು ತಳದವರೆಗೆ ಹೀರಿದರು. ಹಿಡಿಸಿತ್ತು, ನನಗೆ ಗೊತ್ತಾಯಿತು. ಹಿಡಿಸಿದ್ದರಿಂದಲೇ ಬುರುಡೆ ವಾಪಸು ಕೊಡುತ್ತ, ಕೈ ಅಡ್ಡ ಮಾಡಿ, ಬೆರಳುಗಳ ಸಂದು ಅಗಲಿಸಿ, "ಸಾಕು, ಸಾಕು" ಎಂದರು.

ಅವರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಬುರುಡೆ ಅಪ್ಪನ ಕಡೆ ಹೋಯಿತು.

ಹೆಣ್ಣು ನೋಡಲು ಬಂದ ಭಯಕ್ಕೆ ನಮ್ಮೂರ ಅಭ್ಯಾಸ ಮರೆತುಹೋಗಿತ್ತೋ, ಬುರುಡೆ ಹಿಡಿದ ಕೈಗೆ ಸಿರಿಯಾ ಸೀಮೆಯ ರೀತಿಯೇ ಅಂಟಿತ್ತೋ, ಅಂತೂ ಎರಡನೆಯ ಸುತ್ತಿನಲ್ಲೂ ದೊಡ್ಡಪ್ಪನನ್ನು ದಾಟಿಸಿದರು. ಮೂರನೆಯ ಸುತ್ತಿನಲ್ಲೂ ದಾಟಿಸಿದರು. ದೊಡ್ಡಪ್ಪ ಒಂದು ಸಲ ಕೆಮ್ಮಿದರು. ದಂಟನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ಅಜ್ಜಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ತೂಕಡಿಕೆ ಬಾರದು ಎಂಬ ಉಪಯೋಗ ಅಲ್ಲಿಗೆ ಸುಳ್ಳಾಯಿತು. ಕೊನೆಗೆ ದೊಡ್ಡಪ್ಪ ದಂಟನ್ನು ತಟ್ಟೆಗೆ ಹಾಕಿ, "ಆಯ್ತು. ಓಗ್ಬನ್ನಿ. ಯೋಳಿ ಕಳುಸ್ತೀವಿ" ಎಂದು ಎದ್ದರು.

ಹೇಳಿ ಕಳಿಸುತ್ತೇವೆ ಎಂದರೆ ಏನು ಅರ್ಥವೆಂದು ಹೆಣ್ಣು ಹೆತ್ತವರಿಗೂ ಗಂಡು ಹೆತ್ತವರಿಗೂ ಬಿಡಿಸಿ ಹೇಳಬೇಕಿಲ್ಲ. ಗಂಡಿನ ತಾಯಿ ಸೆರಗು ಸರಿಮಾಡಿಕೊಂಡರು. ದೊಡ್ಡಪ್ಪ ಅಡುಗೆಮನೆಗೆ ಬಂದು ಅವ್ವನ ಹತ್ತಿರ ತಗ್ಗಿದ ದನಿಯಲ್ಲಿ, "ಇನ್ನೊಸಿ ಅಂತ ಒಂದ್ ಮಾತು ಬಾಯಿಂದ ಬರ್ನಿಲ್ಲ ಕಣಮ್ಮ. ನಾಳೆ ಇವ್ನ ಅಟ್ಟೀಲಿ ನಮ್ಮ ಉಡ್ಗಿ ನಾಚ್ಕಂಡು ಸಾಕು ಅಂದ್ರೆ ಎರಡನೇ ಮುದ್ದೆಗೆ ಏನ್ ಗತಿ?" ಎಂದರು. ನನ್ನ ತಲೆ ಸವರಿ ಹಿತ್ತಿಲ ಕಡೆ ಹೋಗಿ ನಿಂತರು. ಅವರಿಗೆ ಸಿಟ್ಟಿಗಿಂತ ಆ ಮುದ್ದೆಯ ಚಿಂತೆಯೇ ಹೆಚ್ಚಾಗಿತ್ತು.

ಏನಾಗಿದೆಯೆಂದು ಆ ಮನೆಯಲ್ಲಿ ಎಚ್ಚರವಾಗಿದ್ದವರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ನೋಡಲು ಬಂದವರ ಮುಂದೆ ಹುಡುಗಿ ಬಾಯಿ ಬಿಡುವಂತಿಲ್ಲ. ಅವರು ಕೊನೆಯ ಬುರುಡೆ ತುಂಬಿಸಿ, ಯಾರಿಗೆ ಕೊಡುವುದೆಂದು ತಿಳಿಯದೆ ಹಿಡಿದುಕೊಂಡು ಕೂತಿದ್ದರು. ನಾನು ಹೊರಗೆ ಬಂದೆ. ಅವರ ಮುಂದೆ ಕೂತು ಕೈ ಚಾಚಿದೆ.

ಅವರು ಬೆಚ್ಚಿ ನಿಂಬೆಸಿಪ್ಪೆಗಾಗಿ ಜೇಬು ತಡಕಿದರು. ನಾನು ಕಾಯಲಿಲ್ಲ. ದಂಟಿನ ತಟ್ಟೆಯ ಕಡೆಗೂ ನೋಡಲಿಲ್ಲ. ಅವರ ತುಟಿಗೆ ತಾಗಿದ ಕೊಳವೆಯನ್ನೇ ನನ್ನ ತುಟಿಗೆ ಇಟ್ಟು ಹೀರತೊಡಗಿದೆ. ಅವ್ವ "ಅಯ್ಯೋ" ಎಂದಳು. ಕಹಿಯೋ ಸಿಹಿಯೋ ನನಗೆ ತಿಳಿಯಲಿಲ್ಲ. ತಳದಲ್ಲಿ ಗೊರಗೊರ ಎನ್ನುವವರೆಗೆ ಬಿಡಲಿಲ್ಲ. ನಿಶ್ಶಬ್ದವಾದ ನಡುಮನೆಯಲ್ಲಿ ಆ ಗೊರಗೊರ ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ ಅಜ್ಜಿಗೆ ಎಚ್ಚರವಾಯಿತು, ಹಿತ್ತಿಲಿಂದ ದೊಡ್ಡಪ್ಪ ಓಡಿಬಂದರು.

ನಾನು ತಲೆ ತಗ್ಗಿಸಿಕೊಂಡೇ, "ದೊಡ್ಡಪ್ಪ, ಇದ್ರಲ್ಲಿ ಸಾಕು ಅಂದ್ರೆ ಸಾಕು ಅಂತ್ಲೇ ಅರ್ಥ. ಅನ್ನೋಗಂಟ ಕೊಡ್ತಾನೇ ಇರ್ತಾರೆ" ಎಂದೆ.

ಅಜ್ಜಿ ಬುರುಡೆಯನ್ನು ನೋಡಿದಳು, ಕೊಳವೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನೀ ಸಾಕು ಅಂದ್ಯೇನೇ?" ಎಂದು ಕೇಳಿದಳು.

"ಇಲ್ಲ" ಎಂದೆ.

"ಎಂಜ್ಲು ಕುಡುದ್ಲು, ಸಾಕು ಅಂತ್ಲೂ ಅನ್ನಿಲ್ಲ" ಎಂದು ಅಜ್ಜಿ ಎಲ್ಲರಿಗೂ ಹೇಳಿದಳು. "ಇನ್ಯಾವ ಸಾಸ್ತ್ರ ಬೇಕ್ಲಾ ನಿಮ್ಗೆ?"

ದೊಡ್ಡಪ್ಪ ಬುರುಡೆಯ ಹತ್ತಿರ ಬಂದರು. ಆಮೇಲೆ ಕೂತರು. ತಟ್ಟೆಯಿಂದ ತಮ್ಮ ದಂಟನ್ನೇ ಹುಡುಕಿ ತೆಗೆದುಕೊಂಡು, "ಅಂಗಾರೆ ನಂಗೂ ಇನ್ನೊಸಿ ಆಕಪ್ಪ" ಎಂದರು. ಗಂಡಿನ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅವತ್ತು ದೊಡ್ಡಪ್ಪ ಎಷ್ಟು ಕುಡಿದರೆಂದರೆ, ಹೊಟ್ಟೆ ಉಬ್ಬಿ ನಿಜವಾಗಿಯೂ ಸಾಕಾಗಿ, ಜನ್ಮದಲ್ಲಿ ಮೊದಲ ಸಲ ಬೆರಳುಗಳನ್ನು ಒತ್ತಾಗಿ ಸೇರಿಸಿ ಕೈ ಅಡ್ಡ ಹಿಡಿದರು.

ನಮ್ಮವರು ಮಿಲಿಟರಿಯಿಂದ ತಂದಿದ್ದ ಸೊಪ್ಪಿನ ಡಬ್ಬ ಮದುವೆಯಾದ ವರ್ಷವೇ ಖಾಲಿಯಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಬಸ್ಸಿಗೆ ಬಾವುಟ ಕಟ್ಟಿ, ತಳದ ಪುಡಿಯನ್ನು ಕೊಡವಿ ಕೊನೆಯ ಬುರುಡೆ ಕುಡಿದೆವು. ಆಮೇಲೆ ಸೀಬೆ ಎಲೆ, ನುಗ್ಗೆ ಸೊಪ್ಪು, ಒಣಗಿಸಿದ ತುಳಸಿ ಎಲ್ಲ ಹಾಕಿ ನೋಡಿದೆವು. ಯಾವುದೂ ಹೊಂದಲಿಲ್ಲ. ಈಗ ಬೇಸಿಗೆಯ ಸಂಜೆ ಜಗುಲಿಯಲ್ಲಿ ಕೂತು ಅದೇ ಕೊಳವೆಯಲ್ಲಿ ನೀರುಮಜ್ಜಿಗೆ ಕುಡಿಯುತ್ತೇವೆ. ಕರಿಬೇವು ತೂತಿಗೆ ಸಿಕ್ಕಿಕೊಂಡು ಪ್ರಾಣ ತಿನ್ನುತ್ತದೆ. ಬುರುಡೆ ಒಡೆದು ಹೋಗಿ ಎಷ್ಟೋ ಕಾಲವಾಯಿತು, ಸ್ಟೀಲಿನ ಲೋಟವಿದೆ. ಆದರೂ ಸರದಿ ತಪ್ಪಿಲ್ಲ. ಅವರು ಕುಡಿದು, ತುಂಬಿಸಿ, ಸುತ್ತ ಕೂತ ಮೊಮ್ಮಕ್ಕಳಿಗೆ ಕೊಡುವಾಗ ಪ್ರತಿಯೊಂದು ಸಲವೂ ನಿಂಬೆಸಿಪ್ಪೆಯಿಂದ ತುದಿ ಉಜ್ಜಿ ಕೊಡುತ್ತಾರೆ.

ನನಗೆ ಕೊಡುವಾಗ ಉಜ್ಜುವುದಿಲ್ಲ. ನಾನೂ ಇದುವರೆಗೆ ಸಾಕು ಅಂದಿಲ್ಲ.